ಒಳಗೆ ಹೋಗಿದ್ದಾನೆ

ಲಕ್ಷ್ಮಣತೀರ್ಥದಲ್ಲಿ ನೀರು ಏರುವ ಮೊದಲು ಅದರ ಬಣ್ಣ ಬದಲಾಗುತ್ತದೆ. ಬೂದು ಹಸಿರಿನ ನೀರಿನೊಳಗೆ ಒಂದು ಅಂಚಿನಿಂದ ಕೆಂಪು ಎಳೆಯೊಂದು ಬಂದು ಸೇರಿಕೊಳ್ಳುತ್ತದೆ. ಆಗಿನ್ನೂ ಮಟ್ಟ ಒಂದು ಬೆರಳೂ ಏರಿರುವುದಿಲ್ಲ. ನೋಡುತ್ತಾ ನಿಂತವನಿಗೆ ಏನೋ ಚೆಂದ ಅಂತಲೂ ಅನ್ನಿಸಬಹುದು. ನನಗೆ ಹಾಗೇ ಅನ್ನಿಸಿತ್ತು.

ಇವತ್ತಿಗೂ ಮೈಸೂರಿನಿಂದ ಊರಿಗೆ ಹೋಗುವಾಗ ಬಸ್ಸು ಹುಣಸೂರಿನ ಸೇತುವೆಗೆ ಬಂದರೆ ನಾನು ಕಿಟಕಿಗೆ ಮುಖ ಒತ್ತಿ ಕೆಳಗೆ ನೋಡುತ್ತೇನೆ. ಬೇಸಿಗೆಯಲ್ಲಿ ಬರೀ ಬಂಡೆ ಕಾಣುತ್ತಿದ್ದರೂ ನೋಡುತ್ತೇನೆ. ಏನಾದರೂ ಬಿದ್ದುಹೋಯಿತೇ ಸ್ವಾಮಿ ಎಂದು ಪಕ್ಕದವರು ಕೇಳಿದ್ದೂ ಉಂಟು. ಇಲ್ಲ ಎನ್ನುತ್ತೇನೆ. ಕೈ ಮಾತ್ರ ಮುಂದಿನ ಸೀಟಿನ ಕಂಬಿಯನ್ನು ಬಿಡುವುದಿಲ್ಲ.

ಐವತ್ತರ ದಶಕದ ನಡುವಿನ ವರ್ಷಗಳು ಅವು. ರಾವಂದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಪ್ರೈಮರಿ ಮುಗಿದ ಮೇಲೆ ಓದುವುದಕ್ಕೆ ಸ್ಕೂಲಿರಲಿಲ್ಲ. ಅಪ್ಪ ನನ್ನ ತಗಡಿನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು ಹುಣಸೂರಿನ ಉಚಿತ ವಿದ್ಯಾರ್ಥಿನಿಲಯದಲ್ಲಿ ಬಿಟ್ಟರು. ನಮ್ಮ ಜನದ ಹಿರಿಯರು ಸೇರಿ ನಡೆಸುತ್ತಿದ್ದ ಹಾಸ್ಟೆಲು. ಪಿರಿಯಾಪಟ್ಟಣದ ಕಡೆಯವರು, ಕೆ.ಆರ್. ನಗರದ ಕಡೆಯವರು, ಕೋಟೆ ತಾಲ್ಲೂಕಿನವರು ಎಂದು ಹುಡುಗರು ಗುಂಪು ಗುಂಪಾಗಿ ಚಾಪೆ ಹಾಸಿಕೊಳ್ಳುತ್ತಿದ್ದರು. ಹಿತ್ತಲಿನಲ್ಲಿ ಸೇದುವ ಬಾವಿ, ಅದರಾಚೆ ಮರದ ಡಿಪೋ, ಡಿಪೋ ದಾಟಿ ಇಳಿದರೆ ಹೊಳೆ.

ಅಪ್ಪ ಹೊರಡುವಾಗ ವಾರ್ಡನ್ನರಿಗೆ ಕೈಮುಗಿದು, ಹುಡುಗನಿಗೆ ಈಜು ಬರಲ್ಲ ಸ್ವಾಮಿ, ಒಳೆ ಕಡೆ ಬುಡಬ್ಯಾಡಿ ಅಂದರು. ವಾರ್ಡನ್ನರು ನಗಲಿಲ್ಲ, ಗದರಲೂ ಇಲ್ಲ. ‘ಹೊಳೆ’ ಅನ್ನಬೇಕು ಯಜಮಾನ್ರೇ, ‘ಬಿಡಬೇಡಿ’ ಅನ್ನಬೇಕು, ನೀವು ಹೀಗೆ ಮಾತಾಡಿದರೆ ಮಕ್ಕಳೂ ಹೀಗೇ ಕಲಿಯುತ್ತವೆ, ಎಂದು ಮೆಲ್ಲಗೆ ತಿದ್ದಿದರು. ಅಪ್ಪ ಹೂಂ ಹೂಂ ಎನ್ನುತ್ತಾ ಹಿಂದೆ ಹಿಂದೆ ನಡೆದು ಗೇಟು ದಾಟಿದರು. ನನಗೆ ಆವತ್ತೇ ವಾರ್ಡನ್ನರ ಭಯ ಹಿಡಿಯಿತು. ಅಪ್ಪನ ಮಾತನ್ನೇ ತಪ್ಪು ಅಂದವರು ನನ್ನನ್ನು ಏನು ಮಾಡಿಯಾರು ಎಂದು.

ಅವರು ಮೈಸೂರಿನಲ್ಲಿ ಓದಿದವರು, ಬಿಳಿ ಪಂಚೆ, ಕರಿ ಕೋಟು, ಹೆಗಲ ಮೇಲೆ ಮಡಿಚಿದ ಅಂಗವಸ್ತ್ರ. ಹೊಡೆದದ್ದು ಕಡಿಮೆ. ಆದರೆ ಜಗಲಿಯ ಮೇಲೆ ಅವರ ಮೆಟ್ಟಿನ ಸದ್ದು ಕೇಳಿದರೆ ಊಟದ ಸಾಲಿನಲ್ಲಿ ಅಗಿಯುವುದೂ ನಿಲ್ಲುತ್ತಿತ್ತು. ಅವರ ಒಂದು ಕಟ್ಟಳೆ ಎಲ್ಲಕ್ಕಿಂತ ದೊಡ್ಡದು. ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಹೊಳೆಗೆ ಯಾರೂ ಇಳಿಯಬಾರದು. ಇಳಿದವನ ಪೆಟ್ಟಿಗೆ ಗೇಟಿನ ಆಚೆ ಇರುತ್ತದೆ. ಹಾಗೆ ಒಬ್ಬನ ಪೆಟ್ಟಿಗೆ ಆಚೆ ಹೋಗಿ, ಅವನು ಅದರ ಮೇಲೆ ಕುಳಿತು ಅಳುತ್ತಿದ್ದುದನ್ನು ನಾವೆಲ್ಲ ಕಿಟಕಿಯಿಂದ ನೋಡಿದ್ದೆವು.

ಸಂಜೆ ಹಣೆಗೆ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಸಾಲು ನಿಲ್ಲಬೇಕು. ಹಾಜರಿ, ಆಮೇಲೆ ಪ್ರಾರ್ಥನೆ, ಆಮೇಲೆ ಊಟ. ಹೆಸರು ಕೂಗಿದರೆ ‘ಹಾಜರ್ ಸಾರ್’ ಅನ್ನಬೇಕು. ಯಾರಾದರೂ ಜ್ವರ ಬಂದು ಮಲಗಿದ್ದರೆ, ಬಚ್ಚಲಿಗೆ ಹೋಗಿದ್ದರೆ, ಪಕ್ಕದವನು ಅವನ ಪರವಾಗಿ ‘ಒಳ್ಗವ್ನೆ ಸಾ’ ಎಂದುಬಿಡುತ್ತಿದ್ದ. ದಿನಕ್ಕೆ ಒಬ್ಬಿಬ್ಬರಾದರೂ ಹೀಗೆ ಒಳಗಿರುತ್ತಿದ್ದರು. ವಾರ್ಡನ್ನರು ತಲೆ ಎತ್ತದೆ ಗುರುತು ಹಾಕಿಕೊಂಡು ಮುಂದಿನ ಹೆಸರಿಗೆ ಹೋಗುತ್ತಿದ್ದರು.

ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ‘ಹಾಜರ್’ ಬರುತ್ತಿರಲಿಲ್ಲ. ‘ಆಜರ್’ ಎನ್ನುತ್ತಿದ್ದೆವು. ವಾರ್ಡನ್ನರು ಅಂಥವರನ್ನು ಸಾಲಿನಿಂದ ಮುಂದೆ ಕರೆದು, ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ‘ಹ’ ಹೇಳಿಸುತ್ತಿದ್ದರು. ಉಸಿರು ಅಂಗೈಗೆ ತಾಕಿದರೆ ಸರಿ. ತಾಕದಿದ್ದರೆ ತಾಕುವ ತನಕ. ನಾನು ಬೇಗ ಕಲಿತೆ, ಹೆದರಿಕೆಗೆ. ಕಲಿಯದೆ ಒದ್ದಾಡಿದವನು ಕೋಟೆ ಕಡೆಯಿಂದ, ಎನ್. ಬೇಗೂರಿನ ಆಚೆಯಿಂದ ಬಂದಿದ್ದ ಹುಡುಗ. ನನ್ನ ಪಕ್ಕದ ಚಾಪೆಯವನು. ಹಾಸ್ಟೆಲಿನಲ್ಲೇ ಸಣ್ಣವನು, ಓಟದಲ್ಲಿ ಮಾತ್ರ ಯಾರೂ ಅವನನ್ನು ಹಿಡಿಯಲಾರರು. ಆನೆ ಅಟ್ಟಿಸಿಕೊಂಡು ಬರುವ ಊರಿನವರಿಗೆ ಓಟ ಹುಟ್ಟಿನಿಂದ ಬರುತ್ತದೆ ಎಂದು ನಾವು ಅಂದುಕೊಂಡಿದ್ದೆವು.

ತಿದ್ದಿಸಿಕೊಂಡು ತಿದ್ದಿಸಿಕೊಂಡು ಅವನಿಗೆ ಎಲ್ಲಿ ‘ಹ’ ಇದೆ, ಎಲ್ಲಿ ಇಲ್ಲ ಎಂಬುದೇ ಕಲಸಿಹೋಯಿತು. ಒಂದು ದಿನ ಹಿರಿಯರೊಬ್ಬರು ಹಾಸ್ಟೆಲು ನೋಡಲು ಬಂದರು. ಮನೆಯಲ್ಲಿ ಏನು ತಿನ್ನುತ್ತೀಯಪ್ಪ ಎಂದು ಇವನನ್ನು ಕೇಳಿದರು. ಇವನು ಎದೆ ಸೆಟೆಸಿ, ಅಂಗೈಗೆ ಉಸಿರು ತಾಕುವ ಹಾಗೆ, ‘ಹಕ್ಕಿ ರೊಟ್ಟಿ’ ಅಂದುಬಿಟ್ಟ. ಈರುಳ್ಳಿಯನ್ನೂ ಹಬ್ಬದ ದಿನ ದೂರವಿಡುವ ಹಾಸ್ಟೆಲಿನಲ್ಲಿ ಹಕ್ಕಿಯ ರೊಟ್ಟಿ. ಬಂದ ಹಿರಿಯರೂ ನಕ್ಕರು. ಅಲ್ಲಿಂದ ಮುಂದೆ ಅವನನ್ನು ಹಕ್ಕಿ ಎಂದೇ ಕರೆಯತೊಡಗಿದರು. ಅವನು ವಾರ್ಡನ್ನರ ಎದುರು ಮಾತಾಡುವುದನ್ನೇ ಕಡಿಮೆ ಮಾಡಿದ. ಮಾತಾಡಲೇಬೇಕಾಗಿ ಬಂದರೆ ಗಂಟಲಲ್ಲೇ ಅರ್ಧ ನುಂಗುತ್ತಿದ್ದ.

ಸ್ಕೂಲಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ಇಂಗ್ಲಿಷ್ ಮೇಷ್ಟ್ರದು. ಆವತ್ತು ಅವರು ಪಾಠದ ಪುಸ್ತಕ ತೆರೆಯುತ್ತಿರಲಿಲ್ಲ. ಬೆನ್ನು ಕಿತ್ತುಹೋದ ಒಂದು ಇಂಗ್ಲಿಷ್ ಕಥೆಯ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡು, ದೊಡ್ಡ ಹುಡುಗರು ಚಿಕ್ಕ ಹುಡುಗರೆನ್ನದೆ ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿ, ಕನ್ನಡದಲ್ಲಿ ಹೇಳುತ್ತಿದ್ದರು. ಇಂಗ್ಲೆಂಡಿನ ಗಂಡುಮಕ್ಕಳ ಸ್ಕೂಲೊಂದರ ಕಥೆ. ಅಲ್ಲೂ ಹುಡುಗರು ಮನೆ ಬಿಟ್ಟು ಬಂದು ಸ್ಕೂಲಿನಲ್ಲೇ ಇರುತ್ತಾರೆ. ಅಲ್ಲೂ ಪೆಟ್ಟಿಗೆ, ಅಲ್ಲೂ ಗಂಟೆ, ಅಲ್ಲೂ ದೊಡ್ಡವರ ಕಾಟ. ಹೊಸದಾಗಿ ಬಂದ ಸಣ್ಣ ಹುಡುಗನೊಬ್ಬ ಹೆದರಿ ಹೆದರಿ ದೊಡ್ಡವನಾಗುವುದು ಕಥೆ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನನ್ನ ಭಯಕ್ಕೆ ಯಾರೋ ಅಷ್ಟು ದೂರದಲ್ಲಿ ಪುಸ್ತಕ ಬರೆದಿದ್ದಾರೆ ಎನ್ನುವುದೇ ನಂಬುವ ಹಾಗಿರಲಿಲ್ಲ.

ಆ ಸ್ಕೂಲಿನಲ್ಲಿ ಸಣ್ಣ ಹುಡುಗರು ದೊಡ್ಡ ಹುಡುಗರ ಆಳುಗಳಂತೆ. ಬೂಟು ಒರೆಸಬೇಕು, ರೊಟ್ಟಿ ಕಾಯಿಸಿ ಕೊಡಬೇಕು. ಅಂಥವರಿಗೆ ಇಂಗ್ಲಿಷಿನಲ್ಲಿ ಒಂದು ಮಾತಿದೆ ಎಂದು ಮೇಷ್ಟ್ರು ಹೇಳಿದರು. ನಮ್ಮ ಬಾಯಲ್ಲಿ ಅದು ‘ಪ್ಯಾಗು’ ಆಯಿತು. ಸೋಮವಾರದ ಹೊತ್ತಿಗೆ ನಮ್ಮ ಹಾಸ್ಟೆಲಿನಲ್ಲೂ ಪ್ಯಾಗುಗಳಿದ್ದರು.

ನನ್ನನ್ನೂ ಬೇಗೂರಿನವನನ್ನೂ ಕೆ.ಆರ್. ನಗರದ ಕಡೆಯ ಒಬ್ಬ ದೊಡ್ಡ ಹುಡುಗ ತೆಗೆದುಕೊಂಡ. ಅವನು ಎಸ್.ಎಸ್.ಎಲ್.ಸಿ. ಓದುತ್ತಿದ್ದ. ಮೀಸೆ ಚಿಗುರುತ್ತಿತ್ತು. ಊರು ಚುಂಚನಕಟ್ಟೆಯ ಪಕ್ಕ. ಅವನನ್ನು ಅಣ್ಣ ಎಂದೇ ಕರೆಯಬೇಕು. ಒರೆಸುವುದಕ್ಕೆ ಅವನ ಬಳಿ ಬೂಟಿರಲಿಲ್ಲ. ಅದಕ್ಕೆ ಅವನ ಸ್ನಾನದ ನೀರು ಸೇದಿಕೊಟ್ಟೆವು, ಅಂಗಿ ಒಗೆದೆವು, ಚಾಪೆ ಹಾಸಿದೆವು. ತಪ್ಪಿದರೆ ಕಿವಿಯ ಹಾಲೆಯ ನಡುವೆ ಮರಳಿನ ಹರಳು ಇಟ್ಟು ಹಿಂಡುತ್ತಿದ್ದ. ಮನೆಯಿಂದ ಹುರಿಗಾಳು ಬಂದರೆ ಅರ್ಧ ನಮಗೂ ಸುರಿಯುತ್ತಿದ್ದ. ಬೇರೆ ದೊಡ್ಡವರು ನಮ್ಮನ್ನು ಮುಟ್ಟುವ ಹಾಗಿರಲಿಲ್ಲ. ಎರಡನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ.

ಮಳೆಗಾಲದ ಒಂದು ಶನಿವಾರ ಮೇಷ್ಟ್ರು ಹೊಳೆಯ ಅಧ್ಯಾಯ ಹೇಳಿದರು. ಆ ಸ್ಕೂಲಿನ ಹಿಂದೆಯೂ ಒಂದು ಹೊಳೆ. ಅದರ ನಡುವಿನ ಮರಕ್ಕೆ ಈಜಿ, ಕೊಂಬೆಗೆ ತನ್ನ ಬಟ್ಟೆ ಕಟ್ಟಿ ಬಂದವನು ಆವತ್ತಿನಿಂದ ಗಂಡಸು. ಯಾರೂ ಅವನನ್ನು ಹುಡುಗ ಅನ್ನುವಂತಿಲ್ಲ. ಸ್ಕೂಲಿನಿಂದ ಬರುವ ದಾರಿಯಲ್ಲಿ ಇನ್ನೊಬ್ಬ ದೊಡ್ಡ ಹುಡುಗ ನಮ್ಮ ಅಣ್ಣನ ಭುಜ ತಟ್ಟಿದ.

“ಕಾವೇರಿ ಈಜಿವ್ನಿ ಅಂತೀಯಲ್ಲ, ಕಂಡೋರು ಯಾರ್ಲಾ? ನಿಮ್ಮೂರ್ ಎಮ್ಮೆಗಳಾ?”

ಎಲ್ಲರೂ ನಕ್ಕರು. ನಮ್ಮ ಅಣ್ಣ ನಗಲಿಲ್ಲ. ರಾತ್ರಿ ಹುರಿಗಾಳನ್ನೂ ಕೊಡಲಿಲ್ಲ.

ಮಾರನೆಯ ದಿನ ಭಾನುವಾರ. ಸಂಜೆಯ ಹಾಜರಿಗೆ ಇನ್ನೂ ಹೊತ್ತಿತ್ತು. ನನ್ನನ್ನೂ ಬೇಗೂರಿನವನನ್ನೂ ಕರೆದುಕೊಂಡು ಅವನು ಹಿತ್ತಲ ಬೇಲಿ ನುಸುಳಿದ. ಡಿಪೋಗೆ ರಜ, ದಿಮ್ಮಿಗಳ ನಡುವೆ ಒಂದು ನರಪಿಳ್ಳೆಯೂ ಇಲ್ಲ. ಹುಣಸೂರಿನಲ್ಲಿ ಒಳ್ಳೆಯ ಬಿಸಿಲು, ನೆಲ ಒಣಗಿತ್ತು. ಹೊಳೆ ಮಂದವಾಗಿ ಹರಿಯುತ್ತಿತ್ತು. ನಡುವೆ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಒಂಟಿ ಹೊಂಗೆ ಮರ. ಅದನ್ನು ನೋಡಿದ ಕೂಡಲೇ ಅವನು ಏನು ಮಾಡುತ್ತಾನೆಂದು ನನಗೆ ತಿಳಿಯಿತು.

ಅವನು ಅಂಗಿ ಬಿಚ್ಚಿ ಬೇಗೂರಿನವನ ಕೈಗೆ ಕೊಟ್ಟು, ಟವಲನ್ನು ತಲೆಗೆ ಸುತ್ತಿಕೊಂಡ. ಬೇಗೂರಿನವನು ಅಂಗಿ ಹಿಡಿದುಕೊಂಡು, ಓಗ್‌ಬ್ಯಾಡ ಕಣಣ್ಣ, ಅಂದ. ಪೆಟ್ಟಿಗೆ ಆಚೆ ಇಡುತ್ತಾರೆ ಎಂದು ನಾನೂ ಹೇಳಿದೆ. ಅವನು ನಮ್ಮಿಬ್ಬರನ್ನೂ ನೋಡಿ, ನೀವಿಬ್ರೂ ನೋಡೋಕಷ್ಟೇ ಬಂದಿರೋದು, ನಾಳೆ ಕಂಡ್ವಿ ಅಂತ ಹೇಳ್ಬೇಕು, ತಿಳೀತಾ, ಎಂದು ನೀರಿಗಿಳಿದ.

ಸುಲಭವಾಗಿ ಹೋದ. ಅವನು ನಿಜವಾಗಿ ಈಜಬಲ್ಲವನು, ಅದರಲ್ಲಿ ಸುಳ್ಳಿರಲಿಲ್ಲ. ದಿಬ್ಬ ಹತ್ತಿ, ಮರ ಹತ್ತಿ, ಟವಲನ್ನು ಕೊಂಬೆಗೆ ಕಟ್ಟಿದ. ಅಲ್ಲೇ ಕುಳಿತು ಕಾಲು ಅಲ್ಲಾಡಿಸುತ್ತಾ ನಮ್ಮ ಕಡೆ ಕೈ ಬೀಸಿದ. ನಾನೂ ಕೈ ಬೀಸಿದೆ. ಬೀಸುತ್ತಿರುವಾಗಲೇ ಆ ಕೆಂಪು ಎಳೆ ಕಣ್ಣಿಗೆ ಬಿತ್ತು.

ಮೊದಲು ಎಳೆ. ಆಮೇಲೆ ನೊರೆ, ಬಿದಿರೆಲೆ. ಆಮೇಲೆ ಯಾರದೋ ಮನೆಯ ಮಣೆಯೊಂದು ಸುತ್ತುತ್ತಾ ಬಂತು. ನಾನು ಕುಳಿತಿದ್ದ ಕಲ್ಲಿನ ಬುಡ ಒದ್ದೆಯಾಯಿತು. ಅಲ್ಲಿಗೆ ನೀರು ಬಂದದ್ದನ್ನು ನಾನು ನೋಡಿರಲೇ ಇಲ್ಲ. ಪುಸ್ತಕದ ಹೊಳೆಯ ಮೇಲುಗಡೆ ಕೊಡಗು ಇರಲಿಲ್ಲ. ನಮ್ಮ ಹೊಳೆಗೆ ಇತ್ತು. ಅಲ್ಲಿ ಯಾವಾಗಲೋ ಸುರಿದ ಮಳೆ ಈಗ ನಮ್ಮ ಬಿಸಿಲಿನಲ್ಲಿ ಬರುತ್ತಿತ್ತು.

ಬಾರಣ್ಣ ಎಂದು ನಾವಿಬ್ಬರೂ ಕೂಗಿದೆವು. ಅವನು ನಗುತ್ತಲೇ ಇಳಿದು ನೀರಿಗೆ ಕಾಲಿಟ್ಟ. ನೀರು ಅವನನ್ನು ಒಂದೇ ಸಲಕ್ಕೆ ಪಕ್ಕಕ್ಕೆ ಎಳೆದು ಹಾಕಿತು. ಬೇರು ಹಿಡಿದು, ತೆವಳಿ, ಮತ್ತೆ ಮರವನ್ನು ತಬ್ಬಿಕೊಂಡ. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಆದರೂ ಕಂಡಿತ್ತು ಎಂದೇ ನನಗೆ ನೆನಪು. ಯಾರ್ನಾರ ಕರ್ಕಬರ್ರೋ ಎಂದು ಅವನು ಕೂಗಿದ್ದು ಪೂರ್ತಿ ಕೇಳುವ ಮೊದಲೇ ಬೇಗೂರಿನವನು ಅಂಗಿಯ ಸಮೇತ ಓಡಿದ್ದ. ನಾನು ಉಳಿದೆ. ಯಾರಾದರೂ ಒಬ್ಬರು ಅವನನ್ನು ನೋಡುತ್ತಿರಬೇಕು, ಕಣ್ಣು ತೆಗೆದರೆ ಅವನು ಹೋಗಿಬಿಡುತ್ತಾನೆ ಎಂದು ಆಗ ಅನ್ನಿಸಿತ್ತು.

ನಾನು ಇಂದಿಗೂ ಬಿಡಿಸಿಕೊಳ್ಳಲಾರದ್ದು ಆ ಹೊತ್ತಿನಿಂದ. ದಿಬ್ಬ ಸಣ್ಣದಾಗುತ್ತಾ ಬಂತು. ಕಡೆಗೆ ದಿಬ್ಬವೇ ಕಾಣಲಿಲ್ಲ, ಮರ ನೀರಿನಿಂದಲೇ ಎದ್ದ ಹಾಗಿತ್ತು. ಅವನು ಒಂದೊಂದೇ ಕೊಂಬೆ ಮೇಲೆ ಹೋಗುತ್ತಿದ್ದ. ಮೇಲೆ ಹೋದಷ್ಟೂ ಕೊಂಬೆ ಸಪೂರ. ಹಾಸ್ಟೆಲಿನ ಹಾಜರಿಯ ಗಂಟೆ ಕೇಳಿಸಿತು. ಈಗ ಬೇಗೂರಿನವನು ತಲುಪಿರುತ್ತಾನೆ, ಈಗ ಹೇಳಿರುತ್ತಾನೆ, ಈಗ ಎಲ್ಲರೂ ಬೇಲಿ ದಾಟುತ್ತಿರುತ್ತಾರೆ ಎಂದು ನಾನು ಮನಸ್ಸಿನಲ್ಲೇ ಅವರನ್ನು ಕರೆದುಕೊಂಡು ಬರುತ್ತಿದ್ದೆ. ಯಾರೂ ಬರಲಿಲ್ಲ.

ಆಮೇಲೆ ಪ್ರಾರ್ಥನೆ ಶುರುವಾಯಿತು.

ದಿನಾ ನಾನೂ ಹಾಡುತ್ತಿದ್ದ ಹಾಡು. ಹುಡುಗರೆಲ್ಲ ಸೇರಿ ಹಾಡುತ್ತಿದ್ದದ್ದು ಡಿಪೋ ದಾಟಿ, ನೀರಿನ ಸದ್ದನ್ನೂ ದಾಟಿ ನನ್ನ ತನಕ ಬರುತ್ತಿತ್ತು. ಮರದ ಮೇಲಿದ್ದವನಿಗೂ ಕೇಳಿಸಿರಬೇಕು. ಅವನು ಕೂಗುವುದನ್ನು ನಿಲ್ಲಿಸಿ ಹಾಸ್ಟೆಲಿನ ಕಡೆ ಮುಖ ತಿರುಗಿಸಿದ. ಇವನು ಇಲ್ಲಿರುವುದು ಗೊತ್ತಿದ್ದೂ ಅವರು ಹಾಡುತ್ತಿದ್ದಾರೆಯೇ? ನನಗೆ ನೀರಿಗಿಂತ ಹೆಚ್ಚಿನ ಹೆದರಿಕೆ ಹುಟ್ಟಿದ್ದು ಆಗ.

ಅಲ್ಲಿ ಆಗಿದ್ದನ್ನು ಆಮೇಲೆ ಬೇಗೂರಿನವನಿಂದಲೂ ಸಾಲಿನಲ್ಲಿದ್ದ ಹುಡುಗರಿಂದಲೂ ಕೇಳಿ ತಿಳಿದೆ. ಅವನು ಜಗಲಿಗೆ ಬಂದಾಗ ಹಾಜರಿ ನಡೆಯುತ್ತಿತ್ತು. ವಾರ್ಡನ್ನರು ನಮ್ಮ ಅಣ್ಣನ ಹೆಸರನ್ನೇ ಕೂಗಿದ್ದರು. ಇವನು ನೇರ ಅವರ ಮುಂದೆ ಹೋಗಿ ನಿಂತ. ಓಡಿ ಬಂದದ್ದಕ್ಕೆ ಉಸಿರು ಸಿಗುತ್ತಿರಲಿಲ್ಲ.

“ಸಾ, ಅಣ್ಣ ಒಳ್ಗೋಗವ್ನೆ ಸಾ.”

ಹೊಳೆಗೆ ಹೋಗಿದ್ದಾನೆ ಎಂದು ಅವನು ಹೇಳಿದ್ದು. ನಮ್ಮ ಬಾಯಲ್ಲಿ ಹೊಳೆ ಒಳೆಯಾಗುತ್ತದೆ. ಅವಸರದಲ್ಲಿ ಹೇಳಿದರೆ ‘ಒಳ್ಗೆ’ ಅಷ್ಟೇ ಉಳಿಯುತ್ತದೆ. ಅದೇ ಜಗಲಿಯಲ್ಲಿ, ಅದೇ ಹೊತ್ತಿಗೆ, ದಿನಾ ಯಾರಾದರೊಬ್ಬರು ಒಳಗಿರುತ್ತಿದ್ದರಲ್ಲ. ವಾರ್ಡನ್ನರ ಕಿವಿಗೆ ಅದೇ ಬಿತ್ತು. ಸಾಲಿನಲ್ಲಿದ್ದವರ ಕಿವಿಗೂ ಅದೇ.

“‘ಓಗವ್ನೆ’ ಅಲ್ಲ. ‘ಹೋಗಿದ್ದಾನೆ.’ ಕೈ ಹಿಡಿದು ಹೇಳು.”

ಅವನು ಒಂದು ಕೈಯಲ್ಲಿ ಅಂಗಿ ಹಿಡಿದುಕೊಂಡೇ ಇನ್ನೊಂದು ಅಂಗೈಯನ್ನು ಬಾಯಿಯ ಮುಂದೆ ಹಿಡಿದ. ಓಡಿ ಬಂದ ಉಸಿರೆಲ್ಲ ಅದಕ್ಕೆ ತಾಕಿತು.

“ಒಳ್ಗೆ... ಹೋಗಿದ್ದಾನೆ ಸಾ.”

“ಈಗ ಸರಿಯಾಯ್ತು. ಹೋಗಿದ್ದರೆ ಇರಲಿ. ನೀನು ಸಾಲಲ್ಲಿ ನಿಲ್ಲು.”

ಎರಡು ಮಾತಿನಲ್ಲೂ ‘ಹ’ ಬಿದ್ದುಹೋಗಿತ್ತು. ಒಂದನ್ನು ವಾರ್ಡನ್ನರು ಎತ್ತಿ ಕೊಟ್ಟರು. ಇನ್ನೊಂದು ಬಿದ್ದದ್ದು ಗೊತ್ತಾಗುವ ಹಾಗೇ ಇರಲಿಲ್ಲ. ತಿದ್ದಿದ ಮೇಲೆ ಆ ಮಾತು ಮೊದಲಿಗಿಂತ ಸ್ಪಷ್ಟವಾಗಿ, ಹುಡುಗ ಒಳಗೆ ಕ್ಷೇಮವಾಗಿದ್ದಾನೆ ಎಂದು ಹೇಳುತ್ತಿತ್ತು. ನನ್ನ ಹೆಸರು ಬಂದಾಗಲೂ ಯಾರೋ ಅಭ್ಯಾಸದಿಂದ ‘ಒಳ್ಗವ್ನೆ ಸಾ’ ಎಂದರಂತೆ.

ಬೇಗೂರಿನವನು ತಾನು ಹೇಳಬೇಕಾದ್ದನ್ನು ಹೇಳಿದ್ದ. ವಾರ್ಡನ್ನರು ಕೇಳಿ, ‘ಇರಲಿ’ ಎಂದಿದ್ದರು. ಹೊಳೆಗೆ ಹೋದವನ ಪೆಟ್ಟಿಗೆ ಆಚೆ ಎಂದು ಕಟ್ಟಳೆ ಇತ್ತಲ್ಲ, ಇದೂ ಹಾಗೇ ಏನೋ, ಹೊಳೆಗೆ ಹೋದವನನ್ನು ಹೊಳೆಗೇ ಬಿಡುವುದು ಎಂದು ಅವನು ತಿಳಿದುಕೊಂಡ. ಬಹಳ ದಿನಗಳಾದ ಮೇಲೆ ಒಂದು ರಾತ್ರಿ ಪಕ್ಕದ ಚಾಪೆಯಿಂದ ಅವನೇ ಹೇಳಿದ.

“ಇರ್ಲಿ ಅಂದ್ಬುಟ್ರು ಕಣ್ಲಾ. ಸಾಯ್ಲಿ ಅಂದಂಗಾಯ್ತು ನಂಗೆ.”

ಸಾಲಿನಲ್ಲಿ ನಿಂತು, ಪ್ರಾರ್ಥನೆಯ ಮೊದಲ ಸಾಲುಗಳನ್ನು ಅವನೂ ಹಾಡಿದನಂತೆ. ಹಾಡುತ್ತಾ ಹಾಡುತ್ತಾ ಹಿತ್ತಲ ಬಾಗಿಲು ಕಾಣಿಸಿತು. ಬಾಗಿಲಾಚೆ ಬಾವಿ, ಬಾವಿಯ ರಾಟೆಯಲ್ಲಿ ಹಗ್ಗ.

ಹೊಳೆಯ ದಡದಲ್ಲಿ ನನಗೆ ಕೇಳಿಸಿದ್ದು ಇಷ್ಟು. ಹಾಡು ನಡುವೆಯೇ ಕಡಿದುಹೋಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗದ್ದಲ, ಲೋಹದ ಸದ್ದು, ಕೂಗು. ತಿರುಗಿ ನೋಡಿದರೆ ದಿಮ್ಮಿಗಳ ನಡುವೆ ಬೇಗೂರಿನವನು ಬರುತ್ತಿದ್ದ. ಬಾವಿಯ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡಿದ್ದ. ತುದಿಯ ಗಂಟು ಬಿಚ್ಚಲು ಆಗದೆ ಹಿತ್ತಾಳೆ ಬಿಂದಿಗೆಯೂ ಜೊತೆಗೇ ಬಂದಿತ್ತು. ಅದು ನೆಲಕ್ಕೆ ಬಡಿದು ಬಡಿದು ಹಾರುತ್ತಿತ್ತು. ಅವನ ಹಿಂದೆ ಪಂಚೆ ಎತ್ತಿ ಕಟ್ಟಿದ ವಾರ್ಡನ್ನರು, ಕೈಯಲ್ಲಿ ಬೆತ್ತ. ಅವರ ಹಿಂದೆ ಇಡೀ ಹಾಸ್ಟೆಲು, ಎಲ್ಲರ ಹಣೆಯಲ್ಲೂ ವಿಭೂತಿ. ಹಗ್ಗ ಕದ್ದ, ಹಿಡಿಯಿರಿ ಎಂದು ಕೂಗುತ್ತಾ ಬಂದರು. ಯಾರೂ ಅವನನ್ನು ಹಿಡಿಯಲಾಗಲಿಲ್ಲ.

ದಡಕ್ಕೆ ಬಂದವರೆಲ್ಲ ಒಬ್ಬರ ಹಿಂದೆ ಒಬ್ಬರು ನಿಂತರು. ನೀರಿನ ನಡುವೆ ಮರದ ತಲೆ, ಅದರಲ್ಲಿ ಒಂದು ಟವಲು, ಟವಲಿನ ಪಕ್ಕ ಒಬ್ಬ ಹುಡುಗ. ವಾರ್ಡನ್ನರು ಅದನ್ನು ನೋಡಿದರು. ಬೇಗೂರಿನವನ ಕೈಯಲ್ಲಿ ಇನ್ನೂ ಇದ್ದ ಅಂಗಿಯನ್ನು ನೋಡಿದರು. ಅವರ ತುಟಿ ಅಲ್ಲಾಡಿತು. ‘ಒಳಗೆ’ ಎಂಬುದನ್ನು ಅವರು ಆಗ ಮತ್ತೆ ಹೇಳಿಕೊಂಡರು ಎಂದು ನನ್ನ ಊಹೆ.

ಬೆತ್ತ ಬಿಸಾಡಿದರು. ಕೋಟು ಬಿಚ್ಚಿದರು. ಹಗ್ಗದ ಒಂದು ತುದಿಯನ್ನು ದಡದ ದೊಡ್ಡ ದಿಮ್ಮಿಗೆ ಬಿಗಿಸಿ ಹುಡುಗರ ಕೈಗೆ ಕೊಟ್ಟರು. ಹೆಗಲ ಅಂಗವಸ್ತ್ರವನ್ನು ಮುದುರಿ ಬಿಂದಿಗೆಯ ಬಾಯಿಗೆ ತುರುಕಿ, ಅದು ಮುಳುಗದ ಹಾಗೆ ಮಾಡಿಕೊಂಡು, ದಡದ ಗುಂಟ ಮೇಲಕ್ಕೆ ಓಡಿ, ಎದೆಮಟ್ಟ ನೀರಿಗಿಳಿದು ತೇಲಿ ಬಿಟ್ಟರು. ಮೊದಲ ಸಲ ಬಿಂದಿಗೆ ಮರದಿಂದ ಬಹಳ ಈಚೆಗೇ ಹಾದುಹೋಯಿತು. ಎಳೆದುಕೊಂಡು ಇನ್ನಷ್ಟು ಮೇಲೆ ಹೋಗಿ, ಇನ್ನಷ್ಟು ಒಳಗಿಳಿದು ಬಿಟ್ಟರು. ಕೊಂಬೆಗಳ ನಡುವೆ ಸಿಕ್ಕಿಕೊಂಡಿತು. ಹಗ್ಗದಲ್ಲಿ ಇನ್ನು ಕೆಲವು ಮೊಳವಷ್ಟೇ ಬಾಕಿ ಇತ್ತು.

ಅವನು ಹಗ್ಗವನ್ನು ಕಂಕುಳ ಕೆಳಗೆ ಸುತ್ತಿ ಕಟ್ಟಿಕೊಂಡ. ಆದರೆ ಮರ ಬಿಡಲಿಲ್ಲ. ವಾರ್ಡನ್ನರು ‘ಬಿಡು’ ಎಂದು ಕೂಗಿದರು. ಅವನು ತಲೆ ಅಲ್ಲಾಡಿಸಿದ. ಮರ ಓರೆಯಾಗುತ್ತಿತ್ತು. ಬುಡದಲ್ಲಿ ಏನೋ ಕಿತ್ತುಬರುವುದು ನಮಗೂ ಕಾಣುತ್ತಿತ್ತು. ಎರಡೂ ಕೈಯಲ್ಲಿ ಕಾಂಡ ತಬ್ಬಿ, ಮುಖವನ್ನು ತೊಗಟೆಗೆ ಒತ್ತಿಕೊಂಡು ಅವನು ನಮ್ಮ ಕಡೆ ನೋಡುವುದನ್ನೇ ಬಿಟ್ಟ. ಕಾವೇರಿ ಈಜಿದವನು, ನಮ್ಮ ಕಿವಿ ಹಿಂಡುತ್ತಿದ್ದವನು, ಮೂಲೆಯಲ್ಲಿ ಸಿಕ್ಕಿಬಿದ್ದ ಕೂಸಿನ ಹಾಗೆ ಕಾಣುತ್ತಿದ್ದ.

ಬೇಗೂರಿನವನು ಹಗ್ಗ ಹಿಡಿದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಸೊಂಟದ ನೀರಿನಲ್ಲಿ ನಿಂತಿದ್ದ. ಅಷ್ಟು ದೊಡ್ಡ ದನಿ ಅವನಿಗಿದೆಯೆಂದು ನಮಗೆ ಗೊತ್ತಿರಲಿಲ್ಲ.

“ಬುಡಣ್ಣ. ಮರ ಬುಡು. ನಾವು ಇಡ್ಕಂಡಿವಿ ಕಣಣ್ಣ.”

ಅವನ ಪಕ್ಕದಿಂದ ಇನ್ನೊಂದು ದನಿ ಬಂತು. ಯಾರದೆಂದು ನನಗೆ ತಿಳಿಯಲಿಲ್ಲ. ನಮ್ಮ ಅಪ್ಪನ ಹಾಗೆ, ನಮ್ಮೂರಿನ ಯಾರೋ ಹೊಲದಿಂದ ಕೂಗಿದ ಹಾಗೆ ಇತ್ತು.

“ಬುಡ್ಲಾ ಮಗ. ಬುಡು ಕಣ್ಲಾ. ಎದ್ರುಕಬ್ಯಾಡ, ನಾನಿವ್ನಿ.”

ವಾರ್ಡನ್ನರು. ಯಾವ ಹಳ್ಳಿಯಿಂದ ಹೊರಟು ಮೈಸೂರು ಸೇರಿ, ಅಂಗೈಯ ಮುಂದೆ ಎಷ್ಟು ವರ್ಷ ಉಸಿರು ಬಿಟ್ಟಿದ್ದರೋ. ಅದೆಲ್ಲ ಆ ನೀರಿನಲ್ಲಿ ಹೋಗಿಬಿಟ್ಟಿತ್ತು.

ಅವನು ಮುಖ ಎತ್ತಿ ನೋಡಿ, ಬಿಟ್ಟ.

ಕೂಡಲೇ ಕಾಣೆಯಾದ. ಹಗ್ಗ ನಮ್ಮ ಅಂಗೈಗಳನ್ನು ಸುಟ್ಟುಕೊಂಡು ಹೋಯಿತು, ದಿಮ್ಮಿಗೆ ಜಗ್ಗಿ ನಿಂತಿತು. ನೀರಿನ ಮೇಲೆ ಬಿಂದಿಗೆಯೊಂದೇ ಕುಣಿಯುತ್ತಿತ್ತು. ಎಳೆಯಿರಿ ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಎಳೆದೆವು. ತಲೆ ಒಮ್ಮೆ ಕಂಡಿತು, ಮತ್ತೆ ಇಲ್ಲ. ದಡದ ಕೆಸರಿಗೆ ಬಂದು ಬಿದ್ದಾಗ ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ವಾರ್ಡನ್ನರು ಅವನನ್ನು ಬೋರಲು ಹಾಕಿ ಬೆನ್ನು ಒತ್ತಿದರು. ಕೆಂಪು ನೀರು ಕಕ್ಕಿ ಅವನು ಅಳುವುದಕ್ಕೆ ಶುರುಮಾಡಿದ. ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಮಾರನೆಯ ಬೆಳಿಗ್ಗೆ ನೋಡಿದಾಗ ಹೊಂಗೆ ಮರ ಇರಲಿಲ್ಲ.

ಯಾರ ಪೆಟ್ಟಿಗೆಯೂ ಆಚೆ ಹೋಗಲಿಲ್ಲ. ಪ್ಯಾಗು ಎಂಬ ಮಾತು ನಿಂತುಹೋಯಿತು. ಆದರೆ ಅಣ್ಣನ ನೀರನ್ನು ನಾವಿಬ್ಬರೇ ಸೇದಿ ಕೊಡುತ್ತಿದ್ದೆವು, ಅವನು ಕೇಳದಿದ್ದರೂ. ಬಾವಿಯೊಳಗೆ ಬಿಂದಿಗೆ ಬಿದ್ದ ಸದ್ದಾದರೆ ಅವನಿಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಇಂಗ್ಲಿಷ್ ಮೇಷ್ಟ್ರು ಶನಿವಾರ ಪಾಠದ ಪುಸ್ತಕವನ್ನೇ ತೆರೆದರು. ಕಥೆ ಅರ್ಧಕ್ಕೆ ನಿಂತಿತು.

ಎಷ್ಟೋ ವರ್ಷದ ಮೇಲೆ, ಮೈಸೂರಿನಲ್ಲಿ ಬಿ.ಎ. ಓದುವಾಗ, ಕಾಲೇಜಿನ ಲೈಬ್ರರಿಯಲ್ಲಿ ಆ ಪುಸ್ತಕ ಸಿಕ್ಕಿತು. ನಿಂತಲ್ಲೇ ಹೊಳೆಯ ಅಧ್ಯಾಯ ಹುಡುಕಿದೆ. ಹೊಳೆ ಇತ್ತು. ಹುಡುಗರು ಅದರ ದಡದಲ್ಲಿ ಮೀನು ಹಿಡಿಯುತ್ತಿದ್ದರು. ಮರಕ್ಕೆ ಈಜುವುದು, ಕೊಂಬೆಗೆ ಬಟ್ಟೆ ಕಟ್ಟುವುದು, ಆವತ್ತಿನಿಂದ ಗಂಡಸಾಗುವುದು ಯಾವುದೂ ಇರಲಿಲ್ಲ. ಪುಸ್ತಕ ಇಡೀ ತಿರುವಿದೆ, ಎಲ್ಲೂ ಇರಲಿಲ್ಲ. ಮಕ್ಕಳ ಕಣ್ಣು ಅರಳಲಿ ಎಂದು ಮೇಷ್ಟ್ರು ತಾವೇ ಸೇರಿಸಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಕಥೆ ಹೇಳುವವರು ಹಾಗೆ ಮಾಡುತ್ತಾರೆ. ಆದರೆ ಕಪಾಟಿನ ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಯಾರೂ ಬರೆಯದ ಒಂದು ಸಾಲು, ಉಸಿರಿಲ್ಲದ ಒಂದು ಅಕ್ಷರ, ಇವೆರಡರ ನಡುವೆ ಒಬ್ಬ ಹುಡುಗ ಹೋಗಿಬಿಡುತ್ತಿದ್ದ. ಬೇಗೂರಿನವನು ದೊಡ್ಡವರು ಹೇಳಿದ ಹಾಗೆ ಕೇಳುವ ಹುಡುಗನಾಗಿದ್ದರೆ? ಸಾಲಿನಲ್ಲಿ ನಿಂತು ಹಾಡು ಮುಗಿಸಿದ್ದರೆ?

ಆವತ್ತು ಅಣ್ಣನನ್ನು ಎತ್ತಿಕೊಂಡು ಹೋಗಿ, ಒಣ ಬಟ್ಟೆ ಹಾಕಿ, ಎಲ್ಲರ ಕಂಬಳಿಗಳನ್ನೂ ಅವನ ಮೇಲೆ ಹೊದಿಸಿ ಒಳಮನೆಯಲ್ಲಿ ಮಲಗಿಸಿದೆವು. ಆಮೇಲೆ ವಾರ್ಡನ್ನರು ನಮ್ಮನ್ನು ಮತ್ತೆ ಜಗಲಿಯಲ್ಲಿ ನಿಲ್ಲಿಸಿ, ಹಾಜರಿಯನ್ನು ಮೊದಲಿನಿಂದ ಕೂಗಿದರು. ಅವರ ಪಂಚೆಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಆಜರ್ ಎಂದವರನ್ನು ಮುಂದೆ ಕರೆಯಲಿಲ್ಲ. ಅಣ್ಣನ ಹೆಸರು ಬಂತು. ಎಲ್ಲರೂ ಬೇಗೂರಿನವನನ್ನು ನೋಡಿದರು. ಅವನು ಅಂಗೈ ಎತ್ತಲು ಹೋಗಿ, ಹಗ್ಗ ಸುಟ್ಟ ನೋವಿಗೆ ಕೆಳಗಿಳಿಸಿದ.

“ಒಳ್ಗವ್ನೆ ಸಾ.”

ವಾರ್ಡನ್ನರು ಪುಸ್ತಕ ಮಡಿಚಿಟ್ಟು ಎದ್ದರು. ಒಳಗೆ ಹೋದರು. ಕಂಬಳಿ ಸರಿಸಿದ ಸದ್ದು ಜಗಲಿಗೆ ಕೇಳಿಸಿತು. ಹೊರಗೆ ಬಂದು ಕುಳಿತು, ಮುಂದಿನ ಹೆಸರು ಕೂಗಿದರು.